ಕೂಲಿ ಏರಿದರೆ ಕೆಲಸ ಎಲ್ಲಿಗೆ ಹೋಗುತ್ತದೆ? ಕಾರ್ಮಿಕ ಸಚಿವರಿಗೆ ಮಂಗಳೂರಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ, ಮತ್ತು ರಾಜ್ಯ ಕನಿಷ್ಠ ವೇತನ ಸಲಹಾ ಮಂಡಳಿಯ ಸದಸ್ಯರಿಗೆ,

ನಮಸ್ಕಾರ.

ಕನಿಷ್ಠ ವೇತನದ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ನಮ್ಮ ಮಂಗಳೂರಿನಲ್ಲಿ ಎರಡೇ ಮಾತು ಕೇಳಿಸುತ್ತವೆ. "ಹೀಗೆ ಏರಿಸಿದರೆ ಬಾಗಿಲು ಹಾಕುವುದೇ" ಅಂತ ಮಾಲೀಕರು. "ಕೂಲಿ ಏರಿಸಿ ಬಾಗಿಲು ಹಾಕಿದ ಒಂದು ಅಂಗಡಿ ತೋರಿಸಿ ನೋಡುವಾ" ಅಂತ ಯೂನಿಯನ್ನಿನವರು. ನಾನು ಇಲ್ಲಿ ಸಣ್ಣ ಹೋಟೆಲು, ಬಟ್ಟೆ ಅಂಗಡಿ, ಒಂದೆರಡು ಗೇರುಬೀಜದ ಕಾರ್ಖಾನೆಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸಂಬಳದ ಪಟ್ಟಿ ಬರೆಯುವುದು, ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಟ್ಟುವುದು ನನ್ನ ದಿನದ ಕೆಲಸ. ಮನೆಯಲ್ಲಿ ಅತ್ತಿಗೆ ಬೀಡಿ ಕಟ್ಟುತ್ತಾರೆ. ಹಾಗಾಗಿ ಮಾಲೀಕರ ಮಾತು ಹಗಲಿಗೆ, ಕೂಲಿಯವರ ಮಾತು ರಾತ್ರಿಗೆ ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಇಬ್ಬರೂ ಕೇಳುವುದು ಒಂದೇ ಪ್ರಶ್ನೆ: ಕೂಲಿ ಏರಿದರೆ ಕೆಲಸ ಹೋಗುತ್ತದಾ, ಇಲ್ವಾ? ಹೋಗುವುದಾದರೆ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಈ ಪತ್ರ.

ಪ್ರತಿ ಕಾನೂನಿಗೂ ಎಲ್ಲೋ ಒಂದು ಗೆರೆ ಇರುತ್ತದೆ. ಆ ರಾಜ್ಯದಲ್ಲಿ ಉಂಟು, ಈ ರಾಜ್ಯದಲ್ಲಿ ಇಲ್ಲ. ಕಾರ್ಖಾನೆಗೆ ಉಂಟು, ಮನೆ ಜಗಲಿಗೆ ಇಲ್ಲ. ದಿನಗೂಲಿಗೆ ಉಂಟು, ಸಾವಿರ ಬೀಡಿಗೆ ಇಷ್ಟು ಅನ್ನುವ ಕೂಲಿಗೆ ಅರ್ಧ ಉಂಟು ಅರ್ಧ ಇಲ್ಲ. ಕೂಲಿ ಏರಿದಾಗ ಕೆಲಸ ಪೂರ್ತಿ ಮಾಯವಾಗುವುದಕ್ಕಿಂತ ಈ ಗೆರೆ ದಾಟಿ ಆಚೆ ಕೂರುವುದೇ ಜಾಸ್ತಿ. ಸರ್ಕಾರ ಮೊತ್ತದ ಮೇಲೆ ಜಗಳ ಆಡುತ್ತದೆ, ಗೆರೆಯನ್ನು ಹಾಗೇ ಬಿಡುತ್ತದೆ. ಆಮೇಲೆ ಕೆಲಸ ಹೋಯಿತು ಅಂತ ಮೊತ್ತದ ಮೇಲೆ ತಪ್ಪು ಹೊರಿಸುತ್ತೇವೆ.

ಸಾಕ್ಷಿಗೆ ದೂರ ಹೋಗಬೇಕಿಲ್ಲ. ಕೇರಳ ಗಡಿಯ ತಲಪಾಡಿ ದಾಟಿ ಕಣ್ಣೂರಿನವರೆಗೆ ಹೋದರೆ ಸಾಕು. 1966ರಲ್ಲಿ ಕೇಂದ್ರ ಸರ್ಕಾರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ತಂದಿತು. ಕೆಲಸಕ್ಕೆ ಇಷ್ಟೇ ಹೊತ್ತು, ವಾರಕ್ಕೊಂದು ರಜೆ, ಸಂಬಳ ಸಹಿತ ರಜೆ, ಹೆರಿಗೆ ಸೌಲಭ್ಯ, ಇವೆಲ್ಲ ಬೀಡಿಯವರಿಗೂ ಸಿಗಬೇಕು ಅನ್ನುವ ಕಾಯ್ದೆ. ಜಾರಿ ಮಾಡುವ ಹೊಣೆ ಮಾತ್ರ ಆಯಾ ರಾಜ್ಯಗಳದ್ದು. ಕೇರಳ 1968ರಲ್ಲಿ ಜಾರಿಗೆ ಹೊರಟಿತು. ನಮ್ಮ ರಾಜ್ಯ, ಆಗಿನ ಮೈಸೂರು, ಅಷ್ಟು ಅವಸರ ತೋರಿಸಲಿಲ್ಲ. ಕಣ್ಣೂರು ಕಡೆ ಸಾವಿರಾರು ಜನರಿಗೆ ಬೀಡಿ ಕೆಲಸ ಕೊಡುತ್ತಿದ್ದದ್ದು ಮಂಗಳೂರಿನ ಗಣೇಶ್ ಬೀಡಿ ಕಂಪನಿ. ಅದು 1968ರ ಅಕ್ಟೋಬರ್‌ನಲ್ಲಿ ಅಲ್ಲಿಯ ಡಿಪೋಗಳಿಗೆ ಬೀಗ ಹಾಕಿತು. ಸುಮಾರು 12 ಸಾವಿರ ಜನರ ಕೆಲಸ ಹೋಯಿತು.

ಬೀಡಿ ಸೇದುವವರು ಮಾತ್ರ ಒಬ್ಬರೂ ಕಡಿಮೆ ಆಗಿರಲಿಲ್ಲ. ಯಾರಾದರೂ ಕಟ್ಟಲೇಬೇಕಿತ್ತು. ಕೆಲಸ ಕಾನೂನು ಜಾರಿಯಾಗದ ಕಡೆಗೆ, ಎಂದರೆ ನಮ್ಮ ಕಡೆಗೆ ಸರಿಯಿತು. ಅವತ್ತು ಕಣ್ಣೂರಿನವರ ಕೈಯಿಂದ ಹೋದದ್ದರಲ್ಲಿ ಒಂದು ಪಾಲು ನಮ್ಮೂರಿನ ಅಜ್ಜಿಯಂದಿರ ಗೆರಸೆಗೆ ಬಂದು ಬಿದ್ದಿರಬೇಕು. ಇದನ್ನು ಹೇಳಲು ನಮಗೆ ಸ್ವಲ್ಪ ಮುಜುಗರ ಆಗಬೇಕು, ಆದರೆ ಹೇಳದೆ ಇದ್ದರೆ ವಿಷಯ ಅರ್ಥವಾಗುವುದಿಲ್ಲ. ಕಾಯ್ದೆ ಎರಡೂ ಕಡೆ ಒಂದೇ ದಿನ ಜಾರಿಯಾಗಿದ್ದರೆ ಕಂಪನಿ ಎಲ್ಲಿಗೆ ಹೋಗುತ್ತಿತ್ತು?

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕೆಲಸ ಕಳೆದುಕೊಂಡವರನ್ನು ಸೇರಿಸಿ ಆಗಿನ ಕೇರಳ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾದ್ ಸರ್ಕಾರದ ಸಹಾಯದಿಂದ 1969ರ ಫೆಬ್ರವರಿಯಲ್ಲಿ ಕೇರಳ ದಿನೇಶ್ ಬೀಡಿ ಸಹಕಾರಿ ಸಂಘ ಶುರುವಾಯಿತು. ಯಾವ ಕಾನೂನು ಪಾಲಿಸಿದರೆ ಧಂದೆ ನಡೆಯುವುದಿಲ್ಲ ಅಂತ ಹೇಳಿದ್ದರೋ ಅದೇ ಕಾನೂನು ಪಾಲಿಸಿ ಅದು ಬೆಳೆಯಿತು. 1980ರ ದಶಕದಲ್ಲಿ ಅಲ್ಲಿ 40 ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಈ ನಡುವೆ ಕಾಯ್ದೆಯೇ ಸರಿಯಿಲ್ಲ ಅಂತ ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿ ಹಿಡಿಯಿತು. ಮುಂದೆ ದಿನೇಶ್ ಬೀಡಿಯೂ ಇಳಿಮುಖವಾಯಿತು, ಕೊಡೆ, ತಿಂಡಿ ಪದಾರ್ಥ ಅಂತ ಬೇರೆ ದಾರಿ ಹಿಡಿಯಿತು. ಅದಕ್ಕೆ ಒಂದು ಕಾರಣ ಬೀಡಿ ಸೇದುವವರು ಕಡಿಮೆಯಾದದ್ದು.

ಗೇರುಬೀಜದ್ದೂ ಹೆಚ್ಚುಕಡಿಮೆ ಇದೇ ಕಥೆ. ಕೊಲ್ಲಂನಲ್ಲಿ ಕೂಲಿ ಏರಿದಾಗ ಅಲ್ಲಿಯ ಮಾಲೀಕರು ಗಡಿ ದಾಟಿ ಕನ್ಯಾಕುಮಾರಿ ಕಡೆ ಕಾರ್ಖಾನೆ ಹಾಕಿದರು. ಬೀಜ ಬರುವುದು ಆಫ್ರಿಕಾದಿಂದ, ಗೋಣಿ ಎಲ್ಲಿ ಇಳಿದರೂ ನಡೆಯುತ್ತದೆ. ನಮ್ಮ ಕಾರ್ಕಳ, ಕುಂದಾಪುರದ ಕಾರ್ಖಾನೆಯವರಿಗೆ ಈಗ ವಿಯೆಟ್ನಾಂನ ಯಂತ್ರಗಳ ಭಯ. ಇಲ್ಲಿಯೂ ಒಡೆಯುವ, ಸಿಪ್ಪೆ ತೆಗೆಯುವ ಯಂತ್ರ ಬಂದಿವೆ. ಕೂಲಿ ಏರಿದರೆ ಯಂತ್ರ ಬೇಗ ಬರುತ್ತದೆ ಅನ್ನುವುದು ನಿಜವೇ. ಒಡೆಯುವ ಟೇಬಲ್ಲಿನಲ್ಲಿ ಗೇರೆಣ್ಣೆಗೆ ಕೈಯ ಚರ್ಮ ಸುಟ್ಟುಕೊಂಡವರನ್ನು ನೋಡಿದ ಮೇಲೆ ಆ ಕೆಲಸವನ್ನು ಯಂತ್ರ ಮಾಡಿದರೆ ಬೇಜಾರು ಪಡಬೇಕಾ ಅಂತ ನನಗೇ ಗೊತ್ತಾಗುವುದಿಲ್ಲ.

ಇನ್ನು ಹಂಚು. ಮಂಗಳೂರು ಹಂಚು ಅಂದರೆ ದೇಶಕ್ಕೆಲ್ಲ ಗೊತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಕಾರ್ಖಾನೆ ಹಾಕಿದರು, ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಸಾಲು ಸಾಲು ಚಿಮಣಿ ಎದ್ದವು. ಇವತ್ತು ಆ ಚಿಮಣಿಗಳಲ್ಲಿ ಹೊಗೆ ಕಾಣುವುದೇ ಅಪರೂಪ. "ಯೂನಿಯನ್ನಿನಿಂದ, ಕೂಲಿಯಿಂದ ಹಾಳಾಯಿತು" ಅಂತ ಹೇಳುವವರಿದ್ದಾರೆ. ಆದರೆ ಹಂಚಿನ ಮನೆ ಬಿಟ್ಟು ಆರ್‌ಸಿಸಿ ಮನೆ ಕಟ್ಟಿಸಿದ್ದು ಯಾರು? ನಾವೇ ಅಲ್ವಾ? ಜೇಡಿಮಣ್ಣು ಸಿಗುವುದು ಕಷ್ಟವಾಯಿತು, ಸೌದೆ ದುಬಾರಿಯಾಯಿತು. ಕೇರಳದ ಹಂಚಿನ ಮಾಲೀಕರು ಕನಿಷ್ಠ ವೇತನ ಕೊಡಲು ನಮಗೆ ತಾಕತ್ತಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋದದ್ದು ಎಷ್ಟೋ ಮೊದಲು. ಉಣ್ಣಿಚೋಯಿ ಪ್ರಕರಣ, 1961ರ ತೀರ್ಪು. ಕನಿಷ್ಠ ವೇತನ ನಿಗದಿ ಮಾಡುವಾಗ ಮಾಲೀಕನ ತಾಕತ್ತು ನೋಡಬೇಕಿಲ್ಲ ಅಂತ ಕೋರ್ಟು ಹೇಳಿತು. ಆ ತೀರ್ಪು ಬಂದ ಮೇಲೂ ಹಂಚಿನ ಕಾರ್ಖಾನೆಗಳು ಎಷ್ಟೋ ವರ್ಷ ಚೆನ್ನಾಗಿಯೇ ನಡೆದವು.

ಬೀಡಿ, ಗೇರುಬೀಜ ಓಡಿಹೋಗಬಲ್ಲವು. ಇಡ್ಲಿ ಓಡಿಹೋಗುವುದಿಲ್ಲ. ಉಡುಪಿಯ ಗಿರಾಕಿಗೆ ಉಡುಪಿಯಲ್ಲೇ ಬೇಯಿಸಿ ಬಡಿಸಬೇಕು. ನಾನು ಲೆಕ್ಕ ಬರೆಯುವ ಒಬ್ಬ ಹೋಟೆಲಿನವರು ಒಮ್ಮೆ ಹೇಳಿದರು: "ಮಾರಾಯ್ರೆ, ನಾನೊಬ್ಬನೇ ಪ್ಲೇಟಿಗೆ ಐದು ರೂಪಾಯಿ ಜಾಸ್ತಿ ಮಾಡಿದರೆ ಗಿರಾಕಿ ಎದುರಿನ ಹೋಟೆಲಿಗೆ ಹೋಗ್ತಾರೆ. ಎದುರಿನವನೂ ಮಾಡಿದರೆ ನನಗೇನೂ ತೊಂದರೆ ಇಲ್ಲ." ಅವರಿಗೆ ಕನಿಷ್ಠ ವೇತನದ ಮೇಲೆ ಸಿಟ್ಟಿಲ್ಲ. ತಾನು ಕೊಡುವಾಗ ಪಕ್ಕದವನು ಕೊಡದೆ ತಪ್ಪಿಸಿಕೊಳ್ಳುತ್ತಾನಲ್ಲ, ಅದರ ಮೇಲೆ ಸಿಟ್ಟು. ಸಪ್ಲೈಯರ್, ಕ್ಲೀನರ್ ಕೆಲಸಕ್ಕೆ ಊರಿನ ಹುಡುಗರು ಸಿಗದೆ ಅವರು ಒಡಿಶಾ, ಬಿಹಾರ, ನೇಪಾಳದವರನ್ನು ಕರೆಸಿ, ಊಟ, ವಸತಿ ಕೊಟ್ಟು ಇಟ್ಟುಕೊಂಡಿದ್ದಾರೆ. ಇಂಥ ಕಡೆ ಕೂಲಿ ಏರಿದರೆ ಕೆಲಸ ಹೋಗುತ್ತದೆ ಅನ್ನುವುದು ನನಗೆ ನಂಬಲು ಕಷ್ಟ. ತಿಂಡಿ ರೇಟು ಏರಬಹುದು. ಅದನ್ನು ಗಿರಾಕಿಗಳಾದ ನಾವು ಕೊಡಬೇಕಾಗುತ್ತದೆ, ಕೊಡುವಾ.

ಅಡಿಕೆ ಕೊಯ್ಯುವವರ, ಮದ್ದು ಬಿಡುವವರ ಸುದ್ದಿ ನಿಮಗೆ ಹೇಳುವುದೇ ಬೇಡ. ಅವರ ದಿನದ ಕೂಲಿ ಕನಿಷ್ಠ ವೇತನವನ್ನು ಯಾವತ್ತೋ ದಾಟಿದೆ, ಆದರೂ ಫೋನ್ ಮಾಡಿ ಮಾಡಿ ಕಾಯಬೇಕು. ನಿಮ್ಮ ಅಧಿಸೂಚನೆ ಅಲ್ಲಿ ಯಾರಿಗೂ ತಾಗುವುದಿಲ್ಲ. ಅದು ತಾಗುವುದು ಮನೆ ಬಿಟ್ಟು ಹೊರಗೆ ಹೋಗಲು ಆಗದ ಹೆಂಗಸರಿಗೆ, ಊರಿನಲ್ಲಿ ಒಂದೇ ಬ್ರಾಂಚು (ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಜಾಗ), ಒಂದೇ ಕಾರ್ಖಾನೆ ಇರುವ ಕಡೆ ದುಡಿಯುವವರಿಗೆ. ಕೆಲಸ ಕೊಡುವವನು ಒಬ್ಬನೇ ಆದರೆ ಅವನು ಹೇಳಿದ್ದೇ ಕೂಲಿ. ಅಂಥ ಕಡೆ ಕಾನೂನು ಕೂಲಿ ಏರಿಸಿದರೆ ಕೆಲಸ ಕಡಿಮೆ ಆಗಲೇಬೇಕು ಅಂತಿಲ್ಲ, ಹೆಚ್ಚೂ ಆಗಬಹುದು ಅಂತ ಜೋನ್ ರಾಬಿನ್ಸನ್ ಅನ್ನುವ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞೆ 1933ರಲ್ಲೇ ತೋರಿಸಿದ್ದರು.

ಈಗ ಅಮೆರಿಕಕ್ಕೆ ಒಂದು ಸುತ್ತು ಹೋಗಿ ಬರುವಾ. 1992ರ ಏಪ್ರಿಲ್ 1ರಂದು ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಗಡಿಯ ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲುಗಳನ್ನು ಹೋಲಿಸಿ ನೋಡಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದ ಗುರುತು ಸಿಗಲಿಲ್ಲ. 1994ರಲ್ಲಿ ಅದು ಪ್ರಕಟವಾದಾಗ ದೊಡ್ಡ ಗಲಾಟೆಯೇ ಆಯಿತು. ನ್ಯೂಮಾರ್ಕ್, ವಾಷರ್ ಅನ್ನುವವರು ಬೇರೆ ಲೆಕ್ಕ ಹಿಡಿದು ತದ್ವಿರುದ್ಧ ಹೇಳಿದರು. 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಬಂತು. ಕ್ರೂಗರ್ ಅಷ್ಟರಲ್ಲಿ ತೀರಿಕೊಂಡಿದ್ದರು. ನಮ್ಮ ಯೂನಿಯನ್ ನಾಯಕರು ಭಾಷಣದಲ್ಲಿ ಇದನ್ನು ಹೇಳುವಾಗ ಒಂದು ಮಾತು ಬಿಟ್ಟುಬಿಡುತ್ತಾರೆ. ಅದು ಹೋಟೆಲಿನ ಲೆಕ್ಕ. ಬರ್ಗರ್ ಕೂಡ ಇಡ್ಲಿಯ ಹಾಗೆ ಗಿರಾಕಿ ಇದ್ದಲ್ಲೇ ಬೇಯಬೇಕು. ಅದನ್ನು ತಂದು ಬೀಡಿಗೆ ಅಂಟಿಸಿದರೆ ಅಂಟುವುದಿಲ್ಲ.

ನನಗೆ ಜಾಸ್ತಿ ಹತ್ತಿರ ಅನ್ನಿಸಿದ್ದು ಸಿಯಾಟಲ್‌ನದ್ದು. ಅಲ್ಲಿ ಕೂಲಿ ಗಂಟೆಗೆ 13 ಡಾಲರಿನವರೆಗೆ ಏರಿದ ಮೇಲೆ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2017ರಲ್ಲಿ ಲೆಕ್ಕ ಹಾಕಿದರು. ಕಡಿಮೆ ಕೂಲಿಯ ಕೆಲಸಗಳಲ್ಲಿ ದುಡಿಯುವ ಗಂಟೆಗಳೇ ಸುಮಾರು ಶೇ 9ರಷ್ಟು ಕಡಿಮೆಯಾಗಿವೆ ಅಂದರು. ಅದೇ ವರ್ಷ ಬರ್ಕ್ಲಿ ವಿಶ್ವವಿದ್ಯಾಲಯದವರು ಹೋಟೆಲುಗಳನ್ನು ಮಾತ್ರ ನೋಡಿ ಅಂಥದ್ದೇನೂ ಆಗಿಲ್ಲ ಅಂದರು. ಈ ಪಂಡಿತರ ಜಗಳ ನಾವು ಬಿಡಿಸುವಂಥದ್ದಲ್ಲ. ಆದರೆ ಕೆಲಸದಿಂದ ಯಾರನ್ನೂ ತೆಗೆಯದೆ ಕೆಲಸದ ಹೊತ್ತನ್ನು ಕತ್ತರಿಸಬಹುದು ಅನ್ನುವುದು ನಮ್ಮ ಅತ್ತಿಗೆಗೆ ಚೆನ್ನಾಗಿ ಗೊತ್ತು.

ಬೀಡಿಯಲ್ಲಿ ಯಾರನ್ನೂ ಕೆಲಸದಿಂದ ತೆಗೆಯಬೇಕಾಗಿಯೇ ಇಲ್ಲ. ಎಲೆ ಕಡಿಮೆ ಕೊಟ್ಟರೆ ಆಯಿತು. ಪುಸ್ತಕದಲ್ಲಿ ಹೆಸರು ಇರುತ್ತದೆ, ಪಿಎಫ್ ನಂಬರು ಇರುತ್ತದೆ. ವಾರದಲ್ಲಿ ಮೂರು ನಾಲ್ಕು ದಿನ ಮಾತ್ರ ಕೆಲಸ. "ಈ ವಾರ ಸ್ಟಾಕು ಜಾಸ್ತಿ ಉಂಟಂತೆ" ಅಂತ ಬ್ರಾಂಚಿನಲ್ಲಿ ಹೇಳಿದರೆ ಮುಗಿಯಿತು. ಕೂಲಿ ಏರಿಕೆ ಅಂತ ನೀವು ಕೊಟ್ಟದ್ದು ಎಡಗೈಯಲ್ಲಿ ಬಂದು ಬಲಗೈಯಲ್ಲಿ ಹೋಯಿತು. ನಿಮ್ಮ ಉದ್ಯೋಗದ ಅಂಕಿಯಲ್ಲಿ ಮಾತ್ರ ಒಂದು ಕೆಲಸವೂ ಕಡಿಮೆಯಾಗಿರುವುದಿಲ್ಲ.

ಬೀಡಿ ಹೇಗೆ ಕಟ್ಟುತ್ತಾರೆ ಅಂತ ಮಂಡಳಿಯ ಎಲ್ಲ ಸದಸ್ಯರೂ ನೋಡಿದ್ದಾರೋ ಇಲ್ಲವೋ. ಬ್ರಾಂಚಿನಿಂದ ಎಲೆ, ತಂಬಾಕು ಪುಡಿ, ನೂಲು ತೂಕ ಮಾಡಿ ಕೊಡುತ್ತಾರೆ. ಮನೆಗೆ ತಂದು ಎಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ರಾತ್ರಿ ಟಿವಿ ನೋಡುತ್ತಾ ಅಳತೆಯ ತಗಡು ಇಟ್ಟು ಒಂದೊಂದೇ ಎಲೆ ಕತ್ತರಿಸಬೇಕು. ತೂತಿದ್ದ ಎಲೆ, ನರ ದಪ್ಪಗಿದ್ದ ಎಲೆ ಬಿಸಾಡಬೇಕು. ಅದು ಕಡಿಮೆ ಬಿದ್ದರೆ ಸ್ವಂತ ದುಡ್ಡಿನಲ್ಲಿ ಎಲೆ ತರಬೇಕು. ಬೆಳಗ್ಗೆ ಅಡುಗೆ ಮುಗಿಸಿ, ಮಕ್ಕಳನ್ನು ಬಸ್ಸಿಗೆ ಬಿಟ್ಟು, ಗೆರಸೆ ಮಡಿಲಲ್ಲಿಟ್ಟು ಕೂತರೆ ಪುಡಿ ಹಾಕಿ ಸುರುಳಿ ಸುತ್ತುವುದು, ನೂಲು ಕಟ್ಟುವುದು, ಬಾಯಿ ಮಡಚುವುದು, 25ರ ಕಟ್ಟು ಮಾಡುವುದು. ಮತ್ತೆ ಬ್ರಾಂಚಿಗೆ ನಡೆದು ಹೋಗಿ ಸಾಲಿನಲ್ಲಿ ನಿಲ್ಲಬೇಕು. ಅಲ್ಲಿ ಬೆರಳಲ್ಲಿ ಒತ್ತಿ ನೋಡಿ ಸರಿಯಿಲ್ಲದ್ದನ್ನು ತೆಗೆದು ಬಿಸಾಡುತ್ತಾರೆ. ಅದಕ್ಕೆ ಕೂಲಿ ಇಲ್ಲ. ದಿನಕ್ಕೆ ಸಾವಿರ ಬೀಡಿ ಅಂತ ಕಾಗದದಲ್ಲಿ ಬರೆಯುವುದು ಸುಲಭ. ನೆನೆಸುವ, ಕತ್ತರಿಸುವ, ಸಾಲಿನಲ್ಲಿ ನಿಲ್ಲುವ ಹೊತ್ತು ಸೇರಿಸಿದರೆ ಎಂಟು ಗಂಟೆಯಲ್ಲಿ ಸಾವಿರ ಆಗುವುದು ತೀರಾ ಚುರುಕು ಕೈಗೆ ಮಾತ್ರ. ಅತ್ತಿಗೆಯದ್ದು ಚುರುಕು ಕೈಯೇ. ಅವರಿಗೂ ಎಲ್ಲ ದಿನ ಆಗುವುದಿಲ್ಲ.

ಕನಿಷ್ಠ ವೇತನ ಲೆಕ್ಕ ಹಾಕುವ ಸೂತ್ರ 1957ರ ಭಾರತೀಯ ಕಾರ್ಮಿಕ ಸಮ್ಮೇಳನದಿಂದ ಬಂದದ್ದು. ಒಂದು ಕುಟುಂಬಕ್ಕೆ ಮೂರು ಪಾಲು ಊಟ, ಒಬ್ಬರಿಗೆ 2,700 ಕ್ಯಾಲೊರಿ, ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಸೌದೆ, ದೀಪ. ರೆಪ್ಟಕೋಸ್ ಬ್ರೆಟ್ ಅನ್ನುವ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಹಬ್ಬ, ಮದುವೆ ಅಂತ ಇನ್ನೂ ಶೇ 25 ಸೇರಿಸಬೇಕು ಅಂದಿತು. ಲೆಕ್ಕ ಒಳ್ಳೆಯದೇ. ಆದರೆ ತಿಂಗಳ ಮೊತ್ತವನ್ನು 26 ದಿನಕ್ಕೆ ಭಾಗಿಸಿ ದಿನದ ಕೂಲಿ ತೆಗೆಯುತ್ತೇವೆ. 26 ದಿನ ಕೆಲಸ ಸಿಕ್ಕರೆ ತಾನೇ ಆ ಕುಟುಂಬ ಆ ಅನ್ನ ಉಣ್ಣುವುದು? ತಿಂಗಳಿಗೆ 14 ದಿನ ಎಲೆ ಸಿಕ್ಕವರ ಮನೆಯಲ್ಲಿ ಕ್ಯಾಲೊರಿ ಲೆಕ್ಕ ಎಲ್ಲಿ ಹೋಯಿತು?

ಇದಕ್ಕೆ ಮದ್ದು ಕಾನೂನಿನ ಒಳಗೇ ಉಂಟು. 1948ರ ಕನಿಷ್ಠ ವೇತನ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಬೀಡಿ ಇತ್ತು. ಅದೇ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ, ದಿನಗೂಲಿಯವರು ಕೆಲಸಕ್ಕೆ ತಯಾರಿದ್ದೂ ಮಾಲೀಕ ಪೂರ್ತಿ ದಿನದ ಕೆಲಸ ಕೊಡದಿದ್ದರೆ ಪೂರ್ತಿ ದಿನದ ಕೂಲಿ ಕೊಡಬೇಕು ಅಂತ ಇತ್ತು. ದಿನಗೂಲಿಗೆ ಮಾತ್ರ. ಸಾವಿರಕ್ಕೆ ಇಷ್ಟು ಅನ್ನುವವರು ಗೆರೆಯ ಆಚೆ ಉಳಿದರು. ಆದರೆ 3ನೇ ಸೆಕ್ಷನ್ನಿನಲ್ಲಿ ಇನ್ನೊಂದು ದಾರಿ ಇತ್ತು. ಪೀಸ್ ರೇಟಿನಲ್ಲಿ ದುಡಿಯುವವರಿಗೂ ದಿನದ ಲೆಕ್ಕದಲ್ಲಿ ಇಷ್ಟಾದರೂ ಕೈಗೆ ಬರಲೇಬೇಕು ಅಂತ ಒಂದು ಖಾತರಿ ದರವನ್ನು ಸರ್ಕಾರ ನಿಗದಿ ಮಾಡಬಹುದಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಾದ 2019ರ ವೇತನ ಸಂಹಿತೆಯಲ್ಲೂ ಪೀಸ್ ರೇಟಿನವರಿಗೆ ಈ ಭದ್ರತೆಯ ಮಾತು ಇದೆ. ಬೀಡಿಗೆ ಸಾವಿರದ ರೇಟಿನ ಜೊತೆಗೆ ಈ ಖಾತರಿ ದರವನ್ನೂ ನಿಗದಿ ಮಾಡಿ ಅನ್ನುವುದು ನನ್ನ ಮೊದಲ ಕೇಳಿಕೆ. ಸಾವಿರಕ್ಕೆ ಹತ್ತು ರೂಪಾಯಿ ಏರಿಸಿದ್ದಕ್ಕಿಂತ ಇದು ದೊಡ್ಡ ಉಪಕಾರ. ಕಂಪನಿಯವರು ಒಪ್ಪುವುದು ಕಷ್ಟ, ಗೊತ್ತು. ಹತ್ತು ರೂಪಾಯಿಗೇ ವರ್ಷಗಟ್ಟಲೆ ಎಳೆದಾಡಿದವರು.

ಕಂಪನಿಯವರ ಕಡೆಯ ಮಾತನ್ನೂ ಹೇಳಬೇಕು. ಬೀಡಿ ಇಳಿಮುಖದ ಉದ್ಯಮ. 2003ರ ತಂಬಾಕು ನಿಯಂತ್ರಣ ಕಾಯ್ದೆ ಬಂತು. 2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿಗೆ ಶೇ 28 ಹಾಕಿದರು. ಅದೇ ಹೊತ್ತಿಗೆ ಬೀಡಿ ಸೆಸ್ ನಿಂತಿತು, ಕಾರ್ಮಿಕರ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಹಣ ಬರುತ್ತಿದ್ದದ್ದು ಆ ಸೆಸ್ಸಿನಿಂದ. 2025ರಲ್ಲಿ ಬೀಡಿಯ ಜಿಎಸ್‌ಟಿಯನ್ನು ಶೇ 18ಕ್ಕೆ, ಎಲೆಯದ್ದನ್ನು ಶೇ 5ಕ್ಕೆ ಇಳಿಸುವ ತೀರ್ಮಾನ ಮಾಡಿದರು. ಆ ಇಳಿಕೆಯಲ್ಲಿ ಸ್ವಲ್ಪವಾದರೂ ಕಟ್ಟುವವರ ಕೈಗೆ ಬಂತಾ ಅಂತ ಕೇಳುವ ಹಕ್ಕು ನಿಮಗಿದೆ. ಬೀಡಿ ಹೆಚ್ಚು ಜನ ಸೇದಲಿ ಅಂತ ನಾನು ಬಯಸುವವರ ಪೈಕಿ ಅಲ್ಲ. ಕೆಲಸ ಕಡಿಮೆಯಾಗುವುದೇ ಆದರೆ ಆಗಲಿ. ಇರುವಷ್ಟು ಕೆಲಸಕ್ಕೆ ಸರಿಯಾದ ಕೂಲಿ ಬರಲಿ, ಕೆಲಸ ಇಲ್ಲದ ದಿನದ ನಷ್ಟ ಪೂರ್ತಿ ಹೆಂಗಸರ ತಲೆಗೇ ಬರುವುದು ಬೇಡ.

ಎರಡನೆಯದು ತಲಪಾಡಿಯ ಗೆರೆ. ಬೀಡಿ ರೇಟನ್ನು ಕೇರಳ ಬೇರೆ ಮಾಡುತ್ತದೆ, ನಾವು ಬೇರೆ ಮಾಡುತ್ತೇವೆ. ಮಂಜೇಶ್ವರ, ಉಳ್ಳಾಲ ಎರಡೂ ಕಡೆ ಅದೇ ಎಲೆ, ಅದೇ ಪುಡಿ, ಕೆಲವೊಮ್ಮೆ ಅಕ್ಕ ಆ ಕಡೆ, ತಂಗಿ ಈ ಕಡೆ. ಹೊಸ ಸಂಹಿತೆಯ ಪ್ರಕಾರ ಕೇಂದ್ರ ಸರ್ಕಾರ ತಳಮಟ್ಟದ ಒಂದು ವೇತನ ನಿಗದಿ ಮಾಡಬೇಕು, ಯಾವ ರಾಜ್ಯವೂ ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಹಿಂದೆಯೂ ರಾಷ್ಟ್ರೀಯ ತಳಮಟ್ಟ ಅಂತ ಒಂದು ಇತ್ತು, 2017ರಲ್ಲಿ ದಿನಕ್ಕೆ 176 ರೂ. ಮಾಡಿದರು. ಅದಕ್ಕೆ ಕಾನೂನಿನ ಬಲ ಇರಲಿಲ್ಲ. 2019ರಲ್ಲಿ ಕೇಂದ್ರ ನೇಮಿಸಿದ ಸತ್ಪತಿ ಸಮಿತಿ 375 ರೂ. ಇರಲಿ ಅಂದಿತು. ಹೊಸ ತಳಮಟ್ಟವೂ ಬೇರೆ ಬೇರೆ ಪ್ರದೇಶಕ್ಕೆ ಬೇರೆ ಬೇರೆ ಇರಬಹುದು ಅಂತ ಸಂಹಿತೆಯಲ್ಲೇ ಬರೆದಿದ್ದಾರೆ. ಹಾಗಾಗಿ ದೆಹಲಿಯ ದಾರಿ ಕಾಯುವ ಬದಲು ನೀವೂ ಕೇರಳದ ಕಾರ್ಮಿಕ ಸಚಿವರೂ ಒಮ್ಮೆ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಕೂತು ಬೀಡಿಗೆ, ಗೇರುಬೀಜಕ್ಕೆ ಒಂದೇ ರೇಟು, ಒಂದೇ ದಿನಾಂಕ ಅಂತ ಮಾಡಬಹುದು. ನೀರಿನ ಜಗಳಕ್ಕೆ ಕೂರುವ ರಾಜ್ಯಗಳು ಕೂಲಿಗೆ ಯಾಕೆ ಕೂರಬಾರದು?

ರಾಜ್ಯದ ಒಳಗಿನ ಗೆರೆಯೂ ಉಂಟು, ಅದೇ ವಲಯ. ಊರು ಯಾವ ವಲಯದಲ್ಲಿದೆ ಅಂತ ನೋಡಿ ಕನಿಷ್ಠ ವೇತನ ಬೇರೆ ಬೇರೆ. 2025ರ ಏಪ್ರಿಲ್‌ನ ಕರಡು ಅಧಿಸೂಚನೆಯಲ್ಲಿ ನಾಲ್ಕು ವಲಯಗಳನ್ನು ಮೂರಕ್ಕೆ ಇಳಿಸುವ ಪ್ರಸ್ತಾಪ ಇತ್ತು. ಒಳ್ಳೆಯ ಹೆಜ್ಜೆ. ಆದರೂ ನಗರಕ್ಕೆ ಒಂದು, ಹಳ್ಳಿಗೆ ಇನ್ನೊಂದು ಅನ್ನುವುದು ನಮ್ಮ ಕರಾವಳಿಗೆ ಹೊಂದುವುದಿಲ್ಲ. ನಗರದ ಕಂಕನಾಡಿಯಲ್ಲಿ ಕುಚ್ಚಲಕ್ಕಿಗೆ ಎಷ್ಟೋ ಹೊರಗಿನ ಫರಂಗಿಪೇಟೆಯಲ್ಲೂ ಅಷ್ಟೇ. ಬೂತಾಯಿ ಮೀನಿನ ರೇಟಂತೂ ಹಳ್ಳಿಯಲ್ಲೇ ಒಂದು ಕೈ ಜಾಸ್ತಿ. ಗೋಡೌನು ನಗರದ ಗಡಿಯಿಂದ ಸ್ವಲ್ಪ ಆಚೆ ಇಟ್ಟರೆ ಸಂಬಳ ಉಳಿಯುತ್ತದಾ ಅಂತ ನನ್ನನ್ನು ಕೇಳಿದವರಿದ್ದಾರೆ. ಕೆಲಸ ಓಡಲು ತಲಪಾಡಿಯವರೆಗೆ ಹೋಗಬೇಕಾಗಿಯೇ ಇಲ್ಲ.

ಮೂರನೇ ಗೆರೆ ಕಾಗದದ್ದು. ಇದನ್ನು ಬರೆಯುವುದು ನನ್ನ ಹೊಟ್ಟೆಪಾಡಿಗೆ ಒಳ್ಳೆಯದಲ್ಲ, ಆದರೂ ಬರೆಯುತ್ತೇನೆ. ಸಂಬಳ ಬ್ಯಾಂಕಿಗೆ ಹಾಕಬೇಕು ಅಂತ ಆದ ಮೇಲೆ ಎಲ್ಲ ಸರಿಯಾಯಿತು ಅಂತ ನೀವು ತಿಳಿದಿರಬಹುದು. ಒಂದು ಅಂಗಡಿಯಲ್ಲಿ ಹುಡುಗಿಯರ ಎಟಿಎಂ ಕಾರ್ಡುಗಳು ಕ್ಯಾಶಿಯರ್ ಮೇಜಿನ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇದ್ದದ್ದನ್ನು ನಾನೇ ನೋಡಿದ್ದೇನೆ. ಒಂದೊಂದರ ಹಿಂದೆಯೂ ಸಣ್ಣ ಚೀಟಿಯಲ್ಲಿ ಪಿನ್ ನಂಬರು. ತಿಂಗಳ ಮೊದಲ ವಾರ ಅಕೌಂಟಿಗೆ ಪೂರ್ತಿ ಕನಿಷ್ಠ ವೇತನ ಬೀಳುತ್ತದೆ. ಮರುದಿನ ಒಬ್ಬ ಹುಡುಗ ಎಲ್ಲ ಕಾರ್ಡು ತೆಗೆದುಕೊಂಡು ಎಟಿಎಂಗೆ ಹೋಗುತ್ತಾನೆ. ಹುಡುಗಿಯರ ಕೈಗೆ ಬರುವುದು ಕವರಿನಲ್ಲಿ ಹಾಕಿಟ್ಟ ಮೊತ್ತ. ಆ ಅಂಗಡಿಯ ಲೆಕ್ಕ ನಾನು ಬಿಟ್ಟೆ, ಇನ್ನೊಬ್ಬರು ಹಿಡಿದರು. ಮಸ್ಟರ್ ರೋಲು, ಎಂದರೆ ಹಾಜರಿ ಪುಸ್ತಕ, ಮಾತ್ರ ಈಗಲೂ ಅಚ್ಚುಕಟ್ಟಾಗಿಯೇ ಇರುತ್ತದೆ ಅಂತ ಖಾತ್ರಿ ಹೇಳಬಲ್ಲೆ.

ಇಂಥ ಕಡೆ ನೀವು ಕೂಲಿ ಏರಿಸಿದರೆ ಏನಾಗುತ್ತದೆ? ಕೆಲಸವೂ ಹೋಗುವುದಿಲ್ಲ, ಕೂಲಿಯೂ ಏರುವುದಿಲ್ಲ. ಅಂಕಿ ಅಂಶದಲ್ಲಿ ಎರಡೂ ಚೆಂದ ಕಾಣುತ್ತದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ 1982ರಲ್ಲಿ ದೆಹಲಿಯ ಏಷ್ಯಾಡ್ (ಏಷ್ಯನ್ ಗೇಮ್ಸ್) ಕಾಮಗಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇಷ್ಟು ದೊಡ್ಡ ತಪ್ಪಿಗೆ 1948ರ ಕಾಯ್ದೆಯಲ್ಲಿ ಇದ್ದದ್ದು ಆರು ತಿಂಗಳವರೆಗೆ ಜೈಲು ಇಲ್ಲವೇ 500 ರೂ.ವರೆಗೆ ದಂಡ. ಜೈಲಿಗೆ ಹೋದವರನ್ನು ನಾನಂತೂ ಕಂಡಿಲ್ಲ. 500 ರೂಪಾಯಿಗೆ ಇವತ್ತು ಇಬ್ಬರು ಮೀನೂಟ ಮಾಡಬಹುದು. ಹೊಸ ಸಂಹಿತೆಯಲ್ಲಿ ದಂಡ 50 ಸಾವಿರದವರೆಗೆ ಏರಿದೆ. ಆದರೆ ಹಿಡಿಯುವವರು ಬೇಕಲ್ಲ? ತಪಾಸಣೆಗೆ ಬರುವವರು ಮಸ್ಟರ್ ರೋಲು ನೋಡಿ ಹೋದರೆ ಸಾಲದು. ಹುಡುಗಿಯರನ್ನು ಅಂಗಡಿಯ ಹೊರಗೆ, ಬಸ್ ಸ್ಟಾಂಡಿನಲ್ಲಿ ಮಾತನಾಡಿಸಲಿ. ಕಾರ್ಡು ಎಲ್ಲಿದೆ ಅಂತ ಒಂದೇ ಪ್ರಶ್ನೆ ಕೇಳಲಿ.

ಲೆಕ್ಕದವರಿಗೆ ಮಾತ್ರ ಕಾಣುವ ಇನ್ನೊಂದು ಗೆರೆ ಇದೆ. ಇಎಸ್‌ಐ ಸಿಗುವ ಸಂಬಳದ ಮಿತಿಯನ್ನು 2017ರ ಜನವರಿಯಲ್ಲಿ 21,000 ರೂ. ಮಾಡಿದರು. ನೀವು ಕನಿಷ್ಠ ವೇತನ ಏರಿಸುತ್ತಾ ಹೋಗಿ, ಆ ಮಿತಿ ಹಾಗೇ ನಿಂತಿದ್ದರೆ, ಕಸ ಗುಡಿಸುವವರೂ ಒಂದು ದಿನ ಅದನ್ನು ದಾಟಿ ಇಎಸ್‌ಐಯಿಂದ ಹೊರಗೆ ಬೀಳುತ್ತಾರೆ. ಗಂಡನಿಗೆ ಡಯಾಲಿಸಿಸ್ ಮಾಡಿಸುತ್ತಿರುವ ಹೆಂಗಸಿಗೆ ಸಂಬಳ ಏರಿದ ಸುದ್ದಿ ಆಗ ಸಂತೋಷದ್ದಾಗಿರುವುದಿಲ್ಲ. ಸಂಬಳ ಏರಿಸಬೇಡಿ, 20,900 ಬರೆಯಿರಿ ಅಂತ ಕಾರ್ಮಿಕರೇ ನನ್ನ ಹತ್ತಿರ ಬೇಡಿಕೊಳ್ಳುವ ಸ್ಥಿತಿ ತರಬೇಡಿ. ಮಿತಿ ಕೇಂದ್ರದ ಕೈಯಲ್ಲಿದೆ, ಒಪ್ಪಿದೆ. ಕಾಗದ ಬರೆಯಲು ನಿಮಗೆ ಅಡ್ಡಿ ಇಲ್ಲ.

ಖಾಸಗಿ ಶಾಲೆಯ ಟೀಚರುಗಳ ವಿಷಯ ಸುಮ್ನೆ ಒಂದು ಮಾತು. 1996ರಲ್ಲಿ ಹರಿಯಾಣದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶಿಕ್ಷಕರು ಕನಿಷ್ಠ ವೇತನ ಕಾಯ್ದೆಯ ಒಳಗೆ ಬರುವುದಿಲ್ಲ ಅಂದಿತು. ಹಾಗಾಗಿ ಶಾಲೆಯ ಆಯಾಗೆ ಕಾನೂನು ಉಂಟು, ಬಿ.ಎಡ್. ಮಾಡಿದ ಟೀಚರಿಗೆ ಇರಲಿಲ್ಲ. ಬುದ್ಧಿವಂತರ ಜಿಲ್ಲೆ ಅಂತ ಹೆಸರು ತಂದುಕೊಟ್ಟವರ ಗತಿ ಇದು. ಹೊಸ ಸಂಹಿತೆಯ ನಿಯಮ ಬರೆಯುವಾಗ ಅವರನ್ನು ಒಳಗೆ ಸೇರಿಸಿ ಅಂತಷ್ಟೇ ಹೇಳುತ್ತೇನೆ, ಅದಕ್ಕೆ ಬೇರೆಯೇ ಪತ್ರ ಬೇಕು.

ಈಗ ನಿಮ್ಮ ಸಭೆಯ ವಿಷಯ. ಆಕ್ಷೇಪಣೆ ಕೇಳುವ ಸಭೆ ಬೆಂಗಳೂರಿನಲ್ಲಿ ಇಟ್ಟರೆ ಮಾಲೀಕರ ಸಂಘದವರು ರಾತ್ರಿ ಬಸ್ಸಿನಲ್ಲಿ ಬಂದು ಬೆಳಗ್ಗೆ ನಿಮ್ಮ ಮುಂದೆ ಕೂತಿರುತ್ತಾರೆ. ಬೀಡಿ ಕಟ್ಟುವವರು ಬರುವುದಿಲ್ಲ. ಬೀಡಿಯ ರೇಟು ಮುಂದಿನ ಸಲ ಚರ್ಚೆಗೆ ಬಂದಾಗ ಒಂದು ಸಭೆ ಬಂಟ್ವಾಳದಲ್ಲಿ, ಒಂದು ಕಾರ್ಕಳದಲ್ಲಿ ಇಡಿ. ಮಧ್ಯಾಹ್ನ ಎರಡರ ಮೇಲೆ ಇಡಿ, ಬೆಳಗ್ಗೆ ಬ್ರಾಂಚಿನ ಹೊತ್ತು. ನೋಟಿಸನ್ನು ರಾಜ್ಯಪತ್ರದಲ್ಲಿ ಹಾಕಿ ಸುಮ್ಮನಾಗಬೇಡಿ, ಪ್ರತಿ ಬ್ರಾಂಚಿನ ಗೋಡೆಗೆ ಅಂಟಿಸಲು ಹೇಳಿ. ಬರುವಾಗ ಅಧಿಕಾರಿಗಳು ಒಂದು ವಾಚು ತರಲಿ. ಎಲೆ ನೆನೆಸುವುದರಿಂದ ಹಿಡಿದು ಬ್ರಾಂಚಿನಲ್ಲಿ ಲೆಕ್ಕ ಕೊಡುವವರೆಗೆ ಸಾವಿರ ಬೀಡಿಗೆ ಎಷ್ಟು ಹೊತ್ತು ಬೇಕು ಅಂತ ಕೂತು ಅಳೆಯಲಿ. ನಮ್ಮ ಮನೆಗೆ ಬಂದರೂ ಆಗಬಹುದು. ಅತ್ತಿಗೆಯ ಹತ್ತಿರ ಕೇಳಿದ್ದೇನೆ, ಅವರದ್ದು ಅಭ್ಯಂತರ ಇಲ್ಲ, ಒಂದು ದಿನ ಮೊದಲು ಹೇಳಿದರೆ ಸಾಕು ಅಂದಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ಸಂಬಳದ ಪಟ್ಟಿ ಬರೆಯುವ ಒಬ್ಬರು
ಮಂಗಳೂರು